ಜೀಕುವ ಮೈಗೆ ವಯಸ್ಸಿಲ್ಲ

ಬಾಲ್ಯದ ನೆನಪು ಹೇಳಿ ಅಂದರೆ ನಮ್ಮಲ್ಲಿ ಯಾರೂ ಹಿಂದೆ ಬೀಳುವವರಲ್ಲ. ಕೆರೆಯ ಈಜು, ಕದ್ದ ಪೇರಲಹಣ್ಣು, ಹರಿದ ಚಡ್ಡಿ, ಬೆನ್ನಿಗೆ ಬಿದ್ದ ಗುದ್ದು, ಎಲ್ಲ ಸಾಲುಹಿಡಿದು ಬರುತ್ತವೆ. ಹಾಗಾದರೆ ಬನ್ನಿ, ಈಗಲೇ ಒಂದು ಆಟ ಆಡೋಣ ಅಂತ ಕರೆದು ನೋಡಿ. ಎಲ್ಲರಿಗೂ ಒಮ್ಮೆಗೇ ಮೊಣಕಾಲು ನೆನಪಾಗುತ್ತದೆ.

ಮೊನ್ನೆ ರೊಟ್ಟಿ ಪಂಚಮಿಯ ದಿನ ಪಕ್ಕದ ಮನೆಯ ಅಕ್ಕಾರ ಜೊತೆ ಇದೇ ಮಾತು ಬಂತು. ನಾಗರ ಪಂಚಮಿಗೆ ಮುಂಚೆ ಬರುವ ಈ ಹಬ್ಬಕ್ಕೆ ನಮ್ಮ ಧಾರವಾಡದ ಕಡೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಡಕ್ ರೊಟ್ಟಿ, ಕಾಳುಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ ಎಲ್ಲ ತಾಟಿನಲ್ಲಿ ಜೋಡಿಸಿ ನೆರೆಹೊರೆಗೆ ಕೊಟ್ಟು ತರುವುದು ರೂಢಿ. ನಮ್ಮಿಬ್ಬರ ಮನೆಯ ನಡುವಿನ ಕಂಪೌಂಡ್ ಗೋಡೆ ಎದೆಮಟ್ಟಕ್ಕಿದೆ. ತಾಟು ಅದರ ಮೇಲೆಯೇ ದಾಟುತ್ತದೆ, ತಾಟಿನ ಹಿಂದೆ ಮಾತೂ ದಾಟುತ್ತದೆ.

“ನಮ್ಮ ಕಾಲದಾಗ ಜೋಕಾಲಿ ಅಂದ್ರ ಜೋಕಾಲಿ ನೋಡ್ ತಂಗಿ. ಈಗ ಎಲ್ಲಿ ಅದ ಅದು? ಆ ಕಾಲ ಹೋತು,” ಅಂದರು.

“ಕಾಲ ಹೋಗಿದ್ದು ಖರೆ, ಅಕ್ಕಾರ. ಹಗ್ಗ ಎಲ್ಲೂ ಹೋಗಿಲ್ಲ, ಗಿಡ ಎಲ್ಲೂ ಹೋಗಿಲ್ಲ. ನೀವೂ ಇಲ್ಲೇ ಇದ್ದೀರಿ.”

“ಈ ವಯಸ್ಸಿನ್ಯಾಗ ನಾ ಜೋಕಾಲಿ ಏರಿದ್ರ ಮಂದಿ ಏನಂದಾರು?”

ಆ ಪ್ರಶ್ನೆಗೆ ಆವತ್ತು ಗೋಡೆಯ ಹತ್ತಿರ ನಿಂತು ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಪಂಚಮಿಯ ಜೋಕಾಲಿ ಯಾರಿಗಾಗಿ ಇತ್ತು ಅಂತ ಒಮ್ಮೆ ಯೋಚಿಸಿ. ಶ್ರಾವಣ ಬಂತೆಂದರೆ ಅಣ್ಣನೋ ತಮ್ಮನೋ ಹೋಗಿ ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನು ತವರಿಗೆ ಕರೆತರುತ್ತಿದ್ದ. ಊರ ಹುಣಸೆಗೋ ಬೇವಿಗೋ ಆಲಕ್ಕೋ ದಪ್ಪ ಹಗ್ಗ ಬಿಗಿದು, ನಡುವೆ ಮಣೆ ಇಟ್ಟು ಕಟ್ಟಿದ ಆ ಜೋಕಾಲಿಯನ್ನು ಮೊದಲು ಏರುತ್ತಿದ್ದವರು ಇವರೇ. ಮಕ್ಕಳ ತಾಯಂದಿರು, ವರ್ಷವಿಡೀ ಒಲೆ, ಹೊಲ, ದನ, ಅತ್ತೆ ಮಾವ ಅಂತ ಬಾಳಿದವರು. ಚಿಕ್ಕ ಮಕ್ಕಳು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಗಿರಗಿರ ತಿರುಗಿಸುತ್ತ ತಮ್ಮ ಸರದಿ ಕಾಯುತ್ತಿದ್ದರು. ದೊಡ್ಡವರು ಆಡುತ್ತಿದ್ದರು, ಚಿಕ್ಕವರು ನೋಡುತ್ತಿದ್ದರು. ಈಗ ಉದ್ಯಾನದಲ್ಲಿ ಇದು ಪೂರಾ ತಲೆಕೆಳಗಾಗಿದೆ.

ಆಟವೂ ಮೆಲ್ಲಗೆ ತೂಗಿಸಿಕೊಳ್ಳುವ ಆಟವಾಗಿರಲಿಲ್ಲ. ಇಬ್ಬರು ಎದುರುಬದುರು ನಿಂತು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಒಬ್ಬರಾದ ಮೇಲೆ ಒಬ್ಬರು ಜೀಕಬೇಕು. ಈ ಜೀಕುವುದರಲ್ಲಿ ಒಂದು ಲೆಕ್ಕಾಚಾರವಿದೆ. ಜೋಕಾಲಿ ತುತ್ತತುದಿಗೆ ಹೋದಾಗ ಮೊಣಕಾಲು ಮಡಚಿ ಕುಕ್ಕರಿಸಬೇಕು, ಕೆಳಗೆ ನಡುಮಧ್ಯಕ್ಕೆ ಬಂದಾಗ ಸಟ್ಟನೆ ಎದ್ದು ನಿಲ್ಲಬೇಕು. ಕೆಳಗೆ ಬಂದಾಗ ವೇಗ ಹೆಚ್ಚು, ಮೈ ಭಾರವೂ ಹೆಚ್ಚೆನಿಸುತ್ತದೆ. ಆ ಭಾರದ ವಿರುದ್ಧ ಮೈ ಎತ್ತಿದಾಗ ಪಟ್ಟ ಶ್ರಮವೆಲ್ಲ ಜೋಕಾಲಿಗೆ ಸೇರಿ ಮುಂದಿನ ಸಲ ಅದು ಇನ್ನಷ್ಟು ಮೇಲಕ್ಕೆ ಹೋಗುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಸಮೀಕರಣ ಹಾಕಿ ವಿವರಿಸುವ ಈ ವಿಷಯವನ್ನು ಅಕ್ಷರ ಕಲಿಯದ ಅಜ್ಜಿಯರ ಮೊಣಕಾಲುಗಳು ಬಲ್ಲವು. ಏಳನೆಯ ವಯಸ್ಸಿಗೆ ಕಲಿತದ್ದನ್ನು ಎಪ್ಪತ್ತಕ್ಕೂ ಮೈ ಮರೆಯುವುದಿಲ್ಲ. ಸೈಕಲ್, ಈಜು, ಜೀಕು ಇವೆಲ್ಲ ಒಮ್ಮೆ ಬಂದರೆ ಬಂದ ಹಾಗೆಯೇ.

ಗಂಡಸರಿಗೂ ಅದೇ ಹಬ್ಬದಲ್ಲಿ ಪಾಲಿತ್ತು. ನಿಂಬೆಹಣ್ಣು ಒಗೆಯುವ ಪಂಥ ನೋಡಿದವರು ಈಗಲೂ ಅದನ್ನು ಹೇಳುವಾಗ ಕೈ ಬೀಸುತ್ತಾರೆ. ಅಗಸಿ ಬಾಗಿಲಿಂದ ಇಂತಿಷ್ಟು ಎಸೆತಕ್ಕೆ ಪಕ್ಕದ ಊರಿನ ಗುಡಿ ಮುಟ್ಟಬೇಕು ಅಂತ ಶರತ್ತು. ಹಣ್ಣು ಬಿದ್ದಲ್ಲಿಂದ ಮತ್ತೆ ಎಸೆತ. ಹಿಂದೆ ಇಡೀ ಓಣಿ ಓಡುತ್ತದೆ. ಬೇಲಿಯಲ್ಲಿ ಬಿದ್ದ ಹಣ್ಣು ಹುಡುಕುವಾಗ ಜಗಳ, ಸಿಕ್ಕಾಗ ಕೇಕೆ. ಗಡ್ಡ ನೆರೆತವರು, ಪಂಚಾಯಿತಿ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರು ಎಲ್ಲರೂ ಆ ಓಟದಲ್ಲಿ ಇರುತ್ತಿದ್ದರು. ಮರುದಿನ ಅದೇ ಕಟ್ಟೆಯ ಮೇಲೆ ಅವರ ಮಾತಿನ ತೂಕ ಒಂದು ಗುಂಜಿಯೂ ಕಡಿಮೆಯಾಗುತ್ತಿರಲಿಲ್ಲ. ಇದನ್ನು ಅಕ್ಕಾರಿಗೆ ಒತ್ತಿ ಹೇಳಿದೆ. ಆಡಿದರೆ ಮರ್ಯಾದೆ ಹೋಗುತ್ತದೆ ಅನ್ನುವ ಹೆದರಿಕೆ ನಮ್ಮ ಹಿರಿಯರಿಗೆ ಇರಲಿಲ್ಲ. ಅದು ಆಮೇಲೆ ಬಂದದ್ದು.

ಇದು ನಮ್ಮ ಬಯಲುಸೀಮೆಯ ಮಾತಷ್ಟೇ ಅಲ್ಲ. ಕೊಡಗಿನಲ್ಲಿ ನಾಟಿ ಓಟ ಅಂತ ಇದೆ. ಮಳೆಯಲ್ಲಿ ನೆನೆಯುತ್ತ, ಬೆನ್ನು ಬಗ್ಗಿಸಿ ದಿನಗಟ್ಟಲೆ ನಾಟಿ ಮಾಡಿ, ಎಲ್ಲಕ್ಕಿಂತ ದೊಡ್ಡ ಗದ್ದೆಯನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಅದರ ಉದ್ದಕ್ಕೂ ಒಂದು ಪಟ್ಟಿ ನೆಡದೆ ಬಿಟ್ಟು, ಆ ಕೆಸರಿನಲ್ಲಿ ಓಟದ ಪಂದ್ಯ. ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ, ವೀಳ್ಯದೆಲೆ. ಕೆಸರಿನಲ್ಲಿ ಕಾಲು ಹೂತು ಮುಖ ಅಡಿಯಾಗಿ ಬಿದ್ದವನ ಕಣ್ಣು ಮೂಗು ಗುರುತು ಸಿಗದಿದ್ದರೂ ನಗು ಮಾತ್ರ ಗುರುತು ಸಿಗುತ್ತದೆ. ತುಳುನಾಡಿನಲ್ಲಿ ಆಟಿ ತಿಂಗಳ ಹೊತ್ತಿಗೆ ‘ಕೆಸರ್‌ಡ್ ಒಂಜಿ ದಿನ’ ಅಂತ ಊರೂರಲ್ಲಿ ನಡೆಸುತ್ತಾರೆ. ಬ್ಯಾಂಕಿನ ಮ್ಯಾನೇಜರು, ಟೀಚರು, ಅಂಗಡಿಯವರು, ಅಜ್ಜಿ ಮೊಮ್ಮಗ ಎಲ್ಲ ಗದ್ದೆಗಿಳಿದು ಹಗ್ಗ ಜಗ್ಗುತ್ತಾರೆ.

ಇಲ್ಲಿ ನನಗೆ ಬಹಳ ಹಿಡಿಸುವ ವಿಷಯ ಒಂದಿದೆ. ಈ ಆಟಗಳು ಪುರುಸೊತ್ತಿದ್ದವರ ಆಟಗಳಲ್ಲ. ಮೈಮುರಿದು ದುಡಿಯುವ ಕಾಲದಲ್ಲೇ, ಕೆಲಸದ ನಡುವೆಯೇ ಬರುತ್ತವೆ. ಜವಾಬ್ದಾರಿ ಮುಗಿದ ಮೇಲೆ ಆಡೋಣ ಅಂತ ಕೂತಿದ್ದರೆ ಯಾರೂ ಆಡುತ್ತಿರಲಿಲ್ಲ, ಯಾಕೆಂದರೆ ಜವಾಬ್ದಾರಿ ಯಾವತ್ತೂ ಮುಗಿಯುವುದಿಲ್ಲ. ದೊಡ್ಡವರ ಒಳಗಿನ ಕೂಸಿಗೂ ವರ್ಷಕ್ಕೊಮ್ಮೆಯಾದರೂ ಹೊಟ್ಟೆತುಂಬ ಆಟ ಬೇಕು ಅಂತ ತಿಳಿದೇ ನಮ್ಮವರು ಅದನ್ನು ಪಂಚಾಂಗದೊಳಗೆ ಸೇರಿಸಿಟ್ಟರು.

“ಅಲ್ಲಾ ತಂಗಿ, ಆ ಕೂಸು ಇನ್ನೂ ಒಳಗ ಅದ ಅಂತ ನಿನಗ ಹೆಂಗ ಗೊತ್ತು? ನನ್ನೊಳಗ ಅದು ಎಂದೋ ಮಲಗೇತಿ,” ಅಂದರು ಅಕ್ಕಾರು.

ಅದಕ್ಕೆ ಇಲಿಗಳ ಕತೆ ಹೇಳಿದೆ. ಎಸ್ಟೋನಿಯಾದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಯಾಕ್ ಪ್ಯಾಂಕ್‌ಸೆಪ್ ಅನ್ನುವ ನರವಿಜ್ಞಾನಿ ಇಲಿಮರಿಗಳ ಆಟವನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದರು. ಮರಿಗಳು ಕುಸ್ತಿ ಹಿಡಿಯುವಾಗ, ಕೈಯಿಂದ ಕಚಗುಳಿ ಇಟ್ಟಾಗ ಸುಮಾರು 50 ಕಿಲೋಹರ್ಟ್ಸ್ ಕಂಪನದ ಚಿಲಿಪಿಲಿ ಸದ್ದು ಮಾಡುತ್ತವೆ. ಮನುಷ್ಯರ ಕಿವಿಗೆ 20ರ ಆಚೆ ಏನೂ ಕೇಳದು, ಹಾಗಾಗಿ ಉಪಕರಣ ಬೇಕಾಯಿತು. ಕಚಗುಳಿ ಇಟ್ಟ ಕೈಯನ್ನು ಮರಿಗಳು ಬೆನ್ನಟ್ಟಿ ಬರುತ್ತಿದ್ದವು, ಇನ್ನೊಮ್ಮೆ ಇಡಲಿ ಅಂತ. ಅದಕ್ಕಿಂತ ದೊಡ್ಡ ವಿಷಯ ಮುಂದಿದೆ. ಮಿದುಳಿನ ಮೇಲ್ಪದರವನ್ನು ಎಳವೆಯಲ್ಲೇ ತೆಗೆದುಹಾಕಿದ ಮರಿಗಳೂ ಕುಸ್ತಿಯಾಟ ಬಿಡಲಿಲ್ಲ. ಅಂದರೆ ಆಟದ ಬೇರು ಇರುವುದು ಆ ಪದರಕ್ಕಿಂತ ಕೆಳಗೆ, ಹಸಿವು ನಿದ್ದೆಗಳ ನೆರೆಯಲ್ಲಿ. ನಮ್ಮ ಮಿದುಳಿನಲ್ಲೂ ಆ ಹಳೆಯ ಭಾಗಗಳಿವೆ. ನಿವೃತ್ತಿಯ ಆದೇಶ ಅವಕ್ಕೆ ತಲುಪುವುದಿಲ್ಲ.

ಇದು ತಿಳಿದ ಮೇಲೆ ನನ್ನ ಮಟ್ಟಿಗೆ ಒಂದು ಮಾತು ಗಟ್ಟಿಯಾಯಿತು. ಒಳಗಿನ ಮಗುವನ್ನು ನೆನಪು ಮಾಡಿಕೊಂಡು ಉಳಿಸಿಕೊಳ್ಳಲು ಆಗದು, ಮೈ ಆಡಿಸಿಯೇ ಉಳಿಸಿಕೊಳ್ಳಬೇಕು. ನೆನಪಿನಲ್ಲಿರುವ ಮಗು ಹಳೆಯ ಫೋಟೋದ ಹಾಗೆ, ನೋಡಿದಷ್ಟೂ ದೂರವಾಗುತ್ತದೆ. ‘ಆ ದಿನಗಳೇ ಚೆಂದ’ ಅಂತ ಕೊರಗುವವರು ಹೆಚ್ಚಾಗಿ ಆಡುವುದನ್ನು ಬಿಟ್ಟವರು. ಆಡುತ್ತಿರುವವರಿಗೆ ಕೊರಗಲು ಹೊತ್ತೆಲ್ಲಿ?

ಮಗುವಾಗುವುದು ಅಂದರೆ ಹಠ ಹಿಡಿಯುವುದು, ಮುನಿಸಿಕೊಳ್ಳುವುದು, ಬೇಕಾದ್ದು ಸಿಗದಿದ್ದರೆ ಮನೆಮಂದಿಯ ಮೇಲೆ ಹಾರಾಡುವುದು ಅಂತ ಕೆಲವರು ತಿಳಿಯುತ್ತಾರೆ. ಅದನ್ನು ನಾವು ಬಿಟ್ಟೇ ಇಲ್ಲ, ಎಷ್ಟೋ ಆಫೀಸುಗಳಲ್ಲಿ ದಿನಾ ನಡೆಯುತ್ತದೆ. ನಾನು ಹೇಳುತ್ತಿರುವುದು ಮಗುವಿನ ಇನ್ನೊಂದು ಗುಣ. ಮಗು ಮಳೆಯಲ್ಲಿ ಕಾಗದದ ದೋಣಿ ಬಿಡುವಾಗ ಅದರಿಂದ ಲಾಭವೇನು ಅಂತ ಕೇಳುವುದಿಲ್ಲ. ತನಗೆ ಬರದ ಕೆಲಸ ಮಾಡಲು ನಾಚುವುದಿಲ್ಲ. ಬಿದ್ದರೆ ಯಾರು ನೋಡಿದರು ಅಂತ ಅಕ್ಕಪಕ್ಕ ಕಣ್ಣು ಹಾಯಿಸುವುದಿಲ್ಲ. ಈ ಮೂರು ಗುಣ ದೊಡ್ಡವರಲ್ಲಿ ಉಳಿದರೆ ಎಂಥ ಬದುಕಾಗುತ್ತದೆ ಅನ್ನುವುದಕ್ಕೆ ಶಿವರಾಮ ಕಾರಂತರೇ ಸಾಕ್ಷಿ.

1902ರಲ್ಲಿ ಹುಟ್ಟಿ 1997ರಲ್ಲಿ ತೀರಿಕೊಂಡ ಆ ಮನುಷ್ಯ ಕಾದಂಬರಿ ಬರೆದರು, ಯಕ್ಷಗಾನದ ಹೆಜ್ಜೆ ಹಾಕಿದರು, ಕುಂಚ ಹಿಡಿದರು, ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಬರೆದರು. ಪುತ್ತೂರಿನಲ್ಲಿ ಬಾಲವನ ಕಟ್ಟಿ, ಮಕ್ಕಳು ಹೆದರಿಕೆಯಿಲ್ಲದೆ ಕಲಿಯುವುದು ಹೇಗೆ ಅಂತ ಪ್ರಯೋಗ ಮಾಡಿದರು. ತಮ್ಮ ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಅಂತ ಹೆಸರಿಟ್ಟರು. ಬದುಕಿನ ಕೊನೆಯ ಹೊತ್ತಿನಲ್ಲಿ, ತೊಂಬತ್ತು ದಾಟಿದ ಮೇಲೂ, ಕೂತು ಬರೆದದ್ದು ಹಕ್ಕಿಗಳ ಬಗ್ಗೆ. ಜ್ಞಾನಪೀಠ ಬಂದ ಮೇಲೆ, ದೇಶವೇ ಹಿರಿಯರು ಅಂದ ಮೇಲೆ, ಅವರು ಹಿರಿಯರ ಹಾಗೆ ಸುಮ್ಮನೆ ಕೂರಬಹುದಿತ್ತು. ಹಕ್ಕಿ ಕಂಡರೆ ಕತ್ತೆತ್ತುವ ಹುಡುಗ ಅವರನ್ನು ಕೂರಲು ಬಿಡಲಿಲ್ಲ.

ಕಾರಂತರಷ್ಟು ಎಲ್ಲರಿಗೂ ಆಗದು, ಆಗಬೇಕಾಗಿಯೂ ಇಲ್ಲ. ನಮ್ಮ ಕಷ್ಟ ತೀರ ಸಣ್ಣದು. ಅಪಾರ್ಟ್‌ಮೆಂಟಿನ ಉದ್ಯಾನದ ಜೋಕಾಲಿಯ ಪಕ್ಕ ‘ಮಕ್ಕಳಿಗೆ ಮಾತ್ರ’ ಅಂತ ಫಲಕ. ಸಣ್ಣ ಜೋಕಾಲಿ ದೊಡ್ಡವರ ಭಾರ ತಡೆಯದು, ಆ ಫಲಕ ಸರಿಯೇ. ಆದರೆ ಪಕ್ಕದಲ್ಲೇ ದೊಡ್ಡವರಿಗೊಂದು ಗಟ್ಟಿ ಜೋಕಾಲಿ ಬೇಕು ಅಂತ ಯಾರೂ ಕೇಳಲಿಲ್ಲವಲ್ಲ, ಅದು ನನಗೆ ನೋವು. ದೊಡ್ಡವರ ಪಾಲಿಗೆ ಬೆಂಚು ಬಂತು, ಮೊಬೈಲ್ ಬಂತು. ಮಗು ಜಾರುಬಂಡೆ ಇಳಿಯುವುದನ್ನು ವಿಡಿಯೋ ಮಾಡುತ್ತೇವೆ, ಜೊತೆಗೆ ಇಳಿಯುವುದಿಲ್ಲ. ದೊಡ್ಡವರಾದ ಮೇಲೆ ಆಟ ಬಿಡಬೇಕು ಅನ್ನುವ ಪಾಠವನ್ನು ಬೆಂಚಿನ ಮೇಲೆ ಕೂತೇ ನಾವು ಮಕ್ಕಳಿಗೆ ಕಲಿಸುತ್ತಿದ್ದೇವೆ.

ಮೈ ಮೊದಲಿನಂತಿಲ್ಲ ಅನ್ನುವುದು ಖರೆ. ಮೊಣಕಾಲು ಸವೆದಿದ್ದರೆ ನಿಂತು ಜೀಕುವುದು ಬೇಡ, ಕೂತು ತೂಗಿ. ಒಳಕಿವಿಯ ಸಮತೋಲಕ್ಕೆ ತೂಗಾಟದ ರೂಢಿ ತಪ್ಪಿರುತ್ತದೆ, ಮೊದಮೊದಲು ತಲೆ ತಿರುಗಬಹುದು, ಮೆಲ್ಲಗೆ ಶುರುಮಾಡಿ. ಓಡಲಾಗದವರು ನಿಂಬೆಹಣ್ಣು ಒಗೆಯಬಹುದು. ಒಗೆಯಲಾಗದವರು ಚನ್ನೆಮಣೆಗೆ ಕೂರಬಹುದು. ಕೂತವರು ಕೇಕೆ ಹಾಕಬಹುದು. ಒಂದೇ ಒಂದು ಬೇಡ: ಇದನ್ನೂ ವ್ಯಾಯಾಮ ಅಂತ ಲೆಕ್ಕಕ್ಕೆ ಹಿಡಿಯುವುದು. ಇಷ್ಟು ಹೆಜ್ಜೆ, ಇಷ್ಟು ಕ್ಯಾಲೊರಿ ಅಂತ ಎಣಿಸಿದ ಗಳಿಗೆಗೇ ಅದು ಆಟವಾಗಿ ಉಳಿಯುವುದಿಲ್ಲ.

ಇನ್ನು ಮಂದಿ ಏನಂದಾರು ಅನ್ನುವ ಮಾತು. ಹಿಂದೆ ಹಬ್ಬವೇ ಎಲ್ಲರಿಗೂ ಒಟ್ಟಿಗೆ ಅಪ್ಪಣೆ ಕೊಡುತ್ತಿತ್ತು. ಊರಿಗೂರೇ ಆಡುವಾಗ ನಗುವವರೇ ಇರುತ್ತಿರಲಿಲ್ಲ. ಈಗ ಆ ಅಪ್ಪಣೆಯನ್ನು ನಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು. ಒಬ್ಬರೇ ಆಡಿದರೆ ಹುಚ್ಚು ಅನ್ನುವ ಓಣಿ, ನಾಲ್ಕು ಜನ ಸೇರಿ ಆಡಿದರೆ ಐದನೆಯವರನ್ನು ಕಳಿಸುತ್ತದೆ. ಇದನ್ನು ಕಣ್ಣಾರೆ ನೋಡಬೇಕು ಅಂತಲೇ ಬರುವ ರವಿವಾರ ಬೆಳಿಗ್ಗೆ ನಮ್ಮ ಓಣಿಯ ಖಾಲಿ ಪ್ಲಾಟಿನಲ್ಲಿ ಲಗೋರಿ ಇಟ್ಟುಕೊಂಡಿದ್ದೇವೆ. ಹೆಂಚಿನ ಚೂರು ಏಳು ಆರಿಸಿ ಇಟ್ಟಾಗಿದೆ, ಚೆಂಡೂ ಇದೆ. ನಲವತ್ತು ದಾಟಿದವರಿಗೆ ಮೊದಲ ಸರದಿ, ಮಕ್ಕಳು ಕಾಯಬೇಕು.

ಅಕ್ಕಾರು ಖಾಲಿ ತಾಟು ವಾಪಸು ಕೊಡುತ್ತ ಕೇಳಿದರು: “ಒಗಿಯೋರ ಕಡೆ ಹಾಕ್ತೀಯೋ, ಜೋಡಸೋರ ಕಡೆ ಹಾಕ್ತೀಯೋ ನನ್ನ? ಓಡಾಕ ಆಗಂಗಿಲ್ಲ, ಆದ್ರ ಗುರಿ ತಪ್ಪಂಗಿಲ್ಲ ನೋಡು.”

ನಿಮ್ಮ ಓಣಿಯಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರಾಗಿ ಬರುವುದಿಲ್ಲ, ಒಬ್ಬರು ಕರೆಯಬೇಕು. ನೀವೇ ಕರೆಯಿರಿ.