ಬೂತ್ ಹತ್ರ ಎಡಕ್ಕೆ

ಚನ್ನಪಟ್ಟಣದ ಹಳೇ ಬೆಂಗಳೂರು-ಮೈಸೂರು ರಸ್ತೆಯಲ್ಲಿ ದಾರಿ ಕೇಳಿದೆ. "ಎಸ್‌ಟಿಡಿ ಬೂತ್ ಹತ್ರ ಎಡಕ್ಕೆ ತಿರುಗಿ" ಅಂದರು ಒಬ್ಬ ಯಜಮಾನರು. ಎಷ್ಟು ನಡೆದರೂ ಬೂತ್ ಇಲ್ಲ! ವಿಚಾರಿಸಿದರೆ, ಅದು ಜೆರಾಕ್ಸ್ ಅಂಗಡಿಯಾಗಿ, ಸೈಬರ್ ಕೆಫೆಯಾಗಿ, ರೀಚಾರ್ಜ್ ಗೂಡಾಗಿ, ಈಗ ಬಿರಿಯಾನಿ ಕೌಂಟರ್ ಆಗಿದೆಯಂತೆ. ದಶಾವತಾರದಲ್ಲಿ ಐದು ಮುಗಿದಿವೆ, ಇನ್ನೈದು ಬಾಕಿ. ಊರಿನವರ ಲೆಕ್ಕದಲ್ಲಿ ಮಾತ್ರ ಮೊದಲನೆಯದೇ ಕಾಯಂ.

ಅವತಾರ ಬದಲಿಸದೆ ಕೂತಿರುವುದು ಗೊಂಬೆ ಅಂಗಡಿಗಳು. ಟಿಪ್ಪು ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದು ಕಲಿಸಿದ ವಿದ್ಯೆ ಇದು ಎನ್ನುತ್ತಾರೆ. ಆಲೆ ಮರ, ಮೇಲೆ ಅರಗಿನ ಬಣ್ಣ. ಭೌಗೋಳಿಕ ಸೂಚಕದ ಮಾನ್ಯತೆ ಬೇರೆ. ಮೊದಲು ಮೈಸೂರಿಗೆ ಹೊರಟ ಕಾರುಗಳೆಲ್ಲ ಇಲ್ಲೇ ಬ್ರೇಕ್ ಹಾಕುತ್ತಿದ್ದವು, ಹಿಂದಿನ ಸೀಟಿನ ಮಕ್ಕಳು ಹಾಕಿಸುತ್ತಿದ್ದರು ಎಂದರೆ ಸರಿ. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುತ್ತದೆ. ಹಾಗಾಗಿ ಮಾಲೀಕರಿಗೆ ಪುರುಸೊತ್ತೋ ಪುರುಸೊತ್ತು.

ಆ ಪುರುಸೊತ್ತಿಗೆ ಸಿಕ್ಕಿಬಿದ್ದವನು ನಾನು. ರಸ್ತೆಯ ಪೂರ್ವೋತ್ತರವನ್ನೆಲ್ಲ ಕೇಳಿ, ಚಹಾ ಕುಡಿದು, ಬರಿಗೈಯಲ್ಲಿ ಏಳುವುದು ಹೇಗೆ? ದಾಕ್ಷಿಣ್ಯಕ್ಕೆ ಆಡುವ ಕುದುರೆಯೊಂದನ್ನು ಕೊಂಡೆ. ಮನೆಯಲ್ಲಿ ಅದನ್ನು ಏರುವ ವಯಸ್ಸಿನವರಿಲ್ಲ, ಏರುವ ಆಸೆಯಿರುವ ನನ್ನ ತೂಕವನ್ನು ಅದು ತಾಳುವುದಿಲ್ಲ. ಸದ್ಯಕ್ಕೆ ಹೆಂಡತಿ ಅದರ ಮೇಲೆ ಟವೆಲ್ ಒಣಹಾಕುತ್ತಾಳೆ.