ಬೆಂಕಿ ನುಂಗಿದವನೊಡನೆ ನಾಲ್ಕು ಮಾತು

ಜ್ವಾಲಾಮುಖಿ ಪ್ರಸ್ಥಭೂಮಿಯೊಂದರ ಸಂದರ್ಶನ ಬೇಕೆಂದರು ಸಂಪಾದಕರು. ಅವರು ಕೊಟ್ಟ ಪ್ರಯಾಣ ಭತ್ಯೆ ತಮಿಳುನಾಡಿನ ಹೊಸೂರಿನವರೆಗೆ ಮಾತ್ರ ಸಾಲುತ್ತಿತ್ತು. ಅಲ್ಲಿನ ತಳಿ ಎಂಬ ಊರಿನ ಬಳಿ ಹಿರಿಯ ಬಂಡೆಯೊಂದು ಮಾತಿಗೆ ಒಪ್ಪಿತು.

ಪ್ರಶ್ನೆ: ತಾವು ಜ್ವಾಲಾಮುಖಿ ವಂಶದವರಂತೆ?

ಬಂಡೆ: ಯಾರಪ್ಪಾ ಹೇಳಿದ್ದು? ಆ ಮನೆತನದವರು ಬೆಳಗಾವಿ, ವಿಜಯಪುರದ ಕಡೆ ಇದ್ದಾರೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಮೊನ್ನೆ ಮೊನ್ನೆ ಹುಟ್ಟಿದ ಹುಡುಗರು! ನನಗೆ ಸುಮಾರು 250 ಕೋಟಿ. ನೆಲದಾಳದಲ್ಲಿ ಬೆಂದವನು ನಾನು.

ಪ್ರಶ್ನೆ: ಹಾಗಾದರೆ ಬೆಂಕಿಯ ನಂಟೇ ಇಲ್ಲವೆ?

ಬಂಡೆ: ಉಂಟು. ಕಾದ ಶಿಲಾರಸ ನನ್ನ ಬಿರುಕುಗಳಿಗೆ ನುಗ್ಗಿ ಅಲ್ಲೇ ಆರಿ ಕರಿಕಲ್ಲಾಯಿತು. ಉಗುಳದೆ ನುಂಗಿಕೊಂಡೆ. ಈಗ ಅದನ್ನು ಕೊರೆದು ಪರದೇಶದ ಗೋರಿಗಳಿಗೆ ಕಳಿಸುತ್ತಾರೆ. ನನ್ನ ಪಟ್ಟೆಪಟ್ಟೆ ಮೈಗೆ ‘ಪ್ಯಾರಡೈಸೊ’ ಎಂದು ಹೆಸರಿಟ್ಟು ಅಡುಗೆಮನೆಗೆ ಹಾಸುತ್ತಾರೆ. ಸತ್ತವರಿಗೂ ನಾನೇ, ಸಾಂಬಾರಿಗೂ ನಾನೇ.

ಪ್ರಶ್ನೆ: ಇಲ್ಲಿ ಹವೆ ತಂಪಾಗಿದೆ.

ಬಂಡೆ: ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ಗುಲಾಬಿ, ಶೂಲಗಿರಿ ದಾಟಿ ಕೃಷ್ಣಗಿರಿಗೆ ಇಳಿದರೆ ಸೆಕೆ, ಮಾವು. ಬ್ರಿಟಿಷರು ತಳಿಯನ್ನು ‘ಪುಟ್ಟ ಇಂಗ್ಲೆಂಡ್’ ಎಂದರು. ಈಗಿನ ಲೇಔಟಿನವರು ‘ಬೆಂಗಳೂರಿಗೆ ಅರ್ಧ ಗಂಟೆ’ ಎನ್ನುತ್ತಾರೆ. ಬ್ರಿಟಿಷರ ಸುಳ್ಳೇ ವಾಸಿ.

ಪ್ರಶ್ನೆ: ಆನೆಗಳು ಅತಿಕ್ರಮಣ ಮಾಡುತ್ತಿವೆ ಎಂಬ ದೂರಿದೆಯಲ್ಲ?

ಬಂಡೆ: ಚಳಿಗಾಲದಲ್ಲಿ, ರಾಗಿ ತೆನೆ ಬಲಿಯುವ ಹೊತ್ತಿಗೆ ಬನ್ನೇರುಘಟ್ಟದಿಂದ ಹೊರಟು ಜವಳಗಿರಿ, ಡೆಂಕಣಿಕೋಟೆ, ಸಾನಮಾವಿನ ಕಡೆ ಬರುತ್ತವೆ. ಆ ದಾರಿ ಹಳೆಯದು, 44ನೇ ಹೆದ್ದಾರಿ ಹೊಸದು. 2004ರಲ್ಲಿ ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದನ್ನೂ ಅವಕ್ಕೆ ಯಾರೂ ತಿಳಿಸಿಲ್ಲ. ರೈತನ ಸಂಕಟ ಸುಳ್ಳಲ್ಲ. ವರ್ಷದ ಮುದ್ದೆ ಒಂದು ರಾತ್ರಿಗೆ ಹೋಗುತ್ತದೆ. ಅವನು ಆನೆಗೆ ಪಟಾಕಿ ಹೊಡೆಯುತ್ತಾನೆ. ಇಬ್ಬರ ನಡುವೆ ಸೈಟು ಹಾಕಿದವನಿಗೆ ಯಾರೂ ಹೊಡೆಯುವುದಿಲ್ಲ.

ಪ್ರಶ್ನೆ: ಸರ್ಕಾರ ಸುಮ್ಮನಿದೆಯೆ?

ಬಂಡೆ: ಅನ್ಯಾಯವಾಗಿ ಆಡಬಾರದು. 2014ರಲ್ಲಿ ಕಾವೇರಿ ಉತ್ತರ ವನ್ಯಧಾಮವಾಯಿತು. 2022ರಲ್ಲಿ ಕಾವೇರಿ ದಕ್ಷಿಣ, ಅದೊಂದೇ 686 ಚದರ ಕಿಲೋಮೀಟರ್. ಹೊಳೆಯಾಚೆ ಕರ್ನಾಟಕದ ಕಾವೇರಿ ಧಾಮ. ನೀರಿಗಾಗಿ ನೀವು ಕೋರ್ಟು ಹತ್ತಿದ್ದೀರಿ; ನೀರುನಾಯಿ ವಕಾಲತ್ತೂ ಹಾಕದೆ ಎರಡೂ ದಡದಲ್ಲಿ ಮೀನು ತಿನ್ನುತ್ತದೆ. ದೊಡ್ಡ ಬೂದು ಅಳಿಲಿಗೆ ಹೊಳೆಮತ್ತಿಯ ಕೊಂಬೆ ಯಾವ ರಾಜ್ಯದ್ದಾದರೂ ಆದೀತು.

ಪ್ರಶ್ನೆ: ಕರ್ನಾಟಕದಿಂದ ಆನೆ ಮಾತ್ರ ಬರುತ್ತದೆಯೆ?

ಬಂಡೆ: ನೊರೆಯೂ ಬರುತ್ತದೆ. ನಂದಿಬೆಟ್ಟದ ಕಡೆ ಹುಟ್ಟುವ ದಕ್ಷಿಣ ಪಿನಾಕಿನಿ ಬೆಂಗಳೂರಿನ ಕೊಳಚೆ ಹೊತ್ತು ಕೆಲವರಪಳ್ಳಿ ಅಣೆಕಟ್ಟೆಗೆ ಬರುತ್ತಾಳೆ. ಗೇಟು ತೆಗೆದರೆ ಬುಸಬುಸನೆ ಬಿಳಿ ನೊರೆ. ಆನೆಗೆ ಕಂದಕ ತೋಡಿದ್ದೀರಿ, ನೊರೆಗೆ ಬಾಗಿಲು ತೆಗೆದಿದ್ದೀರಿ.

ಪ್ರಶ್ನೆ: ಕೊನೆಯದಾಗಿ, ತಾವು ಎಂದಾದರೂ ಸಿಡಿಯುವ ಸಾಧ್ಯತೆ?

ಬಂಡೆ: ನನಗೆಲ್ಲಿ ಪುರುಸೊತ್ತು? ಆ ಗುತ್ತಿಗೆ ಕ್ವಾರಿಯವರದು. ಏಳು ಮಗಾ, ಕೆಂಪು ಬಾವುಟದವನು ಕೂಗುತ್ತಿದ್ದಾನೆ. ಓಡು! ನನಗಂತೂ ಕಾಲಿಲ್ಲ.