ಕರ್ಣಸ್ಪರ್ಶ ಮೀಮಾಂಸೆ

ಕೂಸು ಶಾಲೆಗೆ ಪಕ್ವವಾಯಿತೇ ಎಂಬ ಪ್ರಶ್ನೆಗೆ, ಹುಟ್ಟಿದ ದಿನ ಬರೆದಿಡುವ ರೂಢಿಯಿಲ್ಲದ ಕಾಲದಲ್ಲಿ, ಕನ್ನಡನಾಡಿನ ಹಳ್ಳಿಶಾಲೆಗಳು ಕಂಡುಕೊಂಡಿದ್ದ ಶಾಸ್ತ್ರವೇ ಕರ್ಣಸ್ಪರ್ಶ. ಸೂತ್ರ ಒಂದೇ: ಬಲಗೈಯನ್ನು ನೆತ್ತಿಯ ಮೇಲಿಂದ ಬಳಸಿ ಎಡಕಿವಿ ಮುಟ್ಟತಕ್ಕದ್ದು. ಮುಟ್ಟಿದರೆ ಒಂದನೇ ಕ್ಲಾಸು. ಇಲ್ಲವಾದರೆ ‘ಮುಂದಿನ ವರ್ಷ ಕರ್ಕೊಂಡ್ ಬಾರಪ್ಪ’. ಉಪಕರಣ, ಕೈಯೊಂದು ಕಿವಿಯೊಂದು. ಖರ್ಚು ಸೊನ್ನೆ.

ಅಲ್ಪಜ್ಞರು ನಗಬಹುದು, ಪ್ರಮಾಣ ಗಟ್ಟಿಯಾಗಿದೆ. ಹುಟ್ಟಿದ ಕೂಸಿನ ತಲೆ ಮೈಯುದ್ದದ ಕಾಲು ಭಾಗ, ದೊಡ್ಡವರದು ಸುಮಾರು ಎಂಟನೇ ಒಂದು ಭಾಗ. ತಲೆ ಮೊದಲೇ ಬೆಳೆದು ಕೂರುತ್ತದೆ, ಕೈ ಸಾವಕಾಶವಾಗಿ ಉದ್ದವಾಗುತ್ತದೆ. ಆರರ ಆಸುಪಾಸಿನಲ್ಲಿ ಬೆರಳಿಗೆ ಕಿವಿ ಸಿಗುತ್ತದೆ. ಆಫ್ರಿಕದಲ್ಲೂ ಈ ವಿಧಿಯಿತ್ತು. ಹೊರನಾಡಿನ ಪಂಡಿತರು ಇದನ್ನು ‘ಫಿಲಿಪೈನ್ ಪರೀಕ್ಷೆ’ ಎಂದು ಕರೆದಿದ್ದಾರೆ. ಪೂರ್ವಪಕ್ಷ: ನೀಳಗೈಯ ನಾಲ್ಕರ ಪೋರ ಪಾಸಾಗಿ, ದಪ್ಪತಲೆಯ ಏಳರವನು ನಪಾಸಾದರೆ? ಸಮಾಧಾನ: ಮೇಷ್ಟ್ರು ಅತ್ತ ತಿರುಗಿದಾಗ ಕತ್ತು ವಾಲಿಸಿ ಕಿವಿಯನ್ನೇ ಬೆರಳಿನ ಬಳಿಗೆ ತರುವವನಿಗೆ ಶಾಲೆ ಕಲಿಸಬೇಕಾದ್ದು ಹೆಚ್ಚೇನೂ ಉಳಿದಿಲ್ಲ.

ಕಿವಿ ಸಿಕ್ಕ ಮೇಲೆ ಹೆಡ್‌ಮಾಸ್ತರರು ದಾಖಲಾತಿ ಪುಸ್ತಕ ತೆರೆದು ಜನ್ಮದಿನವನ್ನು ದಯಪಾಲಿಸುತ್ತಿದ್ದರು. ಈ ಕಾರಣದಿಂದ ಹಿಂದಿನ ತಲೆಮಾರಿನ ಅಸಂಖ್ಯ ಮಂದಿ ಜೂನ್ 1ರಂದೇ ಜನಿಸಿ, ಮೇ 31ರಂದು ಹಾರ ಹಾಕಿಸಿಕೊಂಡು ನಿವೃತ್ತರಾದರು. ಇಂಥ ಸಾಮೂಹಿಕ ಜನನಕ್ಕೆ ಯಾವ ಪಂಚಾಂಗದಲ್ಲೂ ವಿವರಣೆಯಿಲ್ಲ.

ಪಾಶ್ಚಾತ್ಯ ಪಂಥದವರು ಪೆನ್ಸಿಲ್ ಹಿಡಿದು ಬಂದರು. ಯೇಲ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಗೆಸೆಲ್ ಮಕ್ಕಳಿಂದ ಆಕೃತಿಗಳ ನಕಲು ಬರೆಸಿದರು. ಮೂರಕ್ಕೆ ವೃತ್ತ ಬಂದೀತು, ಚೌಕಕ್ಕೆ ಇನ್ನಷ್ಟು ಕಾಯಬೇಕು. ಫ್ಲಾರೆನ್ಸ್ ಗುಡೆನಫ್ 1926ರಲ್ಲಿ ಮನುಷ್ಯನ ಚಿತ್ರ ಬರೆಸಿ, ಅವಯವಗಳಿಗೆ ಅಂಕ ಹಂಚಿದರು. ಅಲ್ಲಿಯೂ ಕಿವಿಗೊಂದು ಅಂಕವಿತ್ತೆಂಬುದು ಕರ್ಣವಾದಿಗಳಿಗೆ ಸಂತಸದ ಸಂಗತಿ.

ಬೆಂಗಳೂರಿನ ನವ್ಯಪಂಥ ಇದೆಲ್ಲವನ್ನೂ ಮೀರಿದೆ. ಎಲ್‌ಕೆಜಿ ಸೀಟಿಗೆ ಮಗುವನ್ನು ಮೂಲೆಯಲ್ಲಿ ಆಡಲು ಬಿಟ್ಟು, ಅಪ್ಪ–ಅಮ್ಮನ ಪಕ್ವತೆಯನ್ನೇ ಅಳೆಯುವುದು ಇದರ ಕ್ರಮ: ಓದು, ಕೆಲಸ, ಮನೆಯಲ್ಲಾಡುವ ಭಾಷೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಮು ಮಕ್ಕಳನ್ನೂ ಪೋಷಕರನ್ನೂ ಹೀಗೆ ಜರಡಿ ಹಿಡಿಯುವುದನ್ನು ನಿಷೇಧಿಸಿದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೆ 50,000 ರೂಪಾಯಿವರೆಗೆ ದಂಡ. ಡೊನೇಷನ್ ಮುಂದೆ ಇದು ಚಿಲ್ಲರೆ ಎಂಬುದು ಬಲ್ಲವರ ಮತ.

ಇನ್ನು ಸರ್ಕಾರಿ ಪಂಥ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು 2022ರಲ್ಲಿ ಆದೇಶವಾಯಿತು. ಗಲಾಟೆಯಾಗಿ 2025–26ಕ್ಕೆ ಮುಂದೆ ಹೋಯಿತು. ಆ ವರ್ಷ ಬಂದಾಗ, ಯುಕೆಜಿ ಮುಗಿಸಿದವರಿಗೆ ಅದೊಂದು ಸಲಕ್ಕೆ ಐದು ವರ್ಷ ಐದು ತಿಂಗಳು ಸಾಕೆಂದಾಯಿತು. ಗಡುವಿನ ದಿನ ರಾತ್ರಿ 11.55ಕ್ಕೆ ಹುಟ್ಟಿದ ಅಕ್ಕ ಪಕ್ವ, 12.05ಕ್ಕೆ ಹುಟ್ಟಿದ ಅವಳಿ ತಂಗಿ ಅಪಕ್ವ. ಇಷ್ಟು ಸೂಕ್ಷ್ಮವಾದ ಅಳತೆ ಗೆಸೆಲ್‌ಗೂ ದಕ್ಕಿರಲಿಲ್ಲ.

ಹೊಸ ಶಿಕ್ಷಣ ನೀತಿಯ ‘ವಿದ್ಯಾ ಪ್ರವೇಶ’ದಲ್ಲಿ ಮಾತ್ರ ಮಗುವನ್ನು ಮೊದಲು ಒಳಗೆ ಸೇರಿಸಿಕೊಂಡು, ಮೂರು ತಿಂಗಳು ಆಡಿಸಿ, ಬಳಿಕ ಪಾಠಕ್ಕೆ ಕೂರಿಸುತ್ತಾರೆ. ಅಳತೆಯೇ ಇಲ್ಲದ ಈ ಪದ್ಧತಿ ಶಾಸ್ತ್ರಕ್ಕೆ ಅಪಮಾನ. ಮಕ್ಕಳು ಮಾತ್ರ ದೂರು ಕೊಟ್ಟಿಲ್ಲ.

ಉಪಪತ್ತಿ: ವಯಸ್ಸಿನ ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯ್ದೆಯ 14ನೇ ಕಲಮು ಹೇಳುತ್ತದೆ. ಹಾಗೆ ಯಾರಾದರೂ ವಾಪಸು ಕಳಿಸಿದರೆ, ಪೋಷಕರು ಕಲಮಿನ ಸಂಖ್ಯೆ ಹೇಳಿ ಆಫೀಸು ರೂಮಿನಲ್ಲೇ ಕೂರತಕ್ಕದ್ದು.